ತಾಡಪತ್ರಿ ನೆರಳಲ್ಲಿ ಗಾಡಿ ಪಾಲಿಶ್

ಫಾತೋರ್ಡಾದಲ್ಲಿ ಆ ವರ್ಷಗಳಲ್ಲಿ ಎದ್ದುನಿಂತ ಕಟ್ಟಡಗಳ ಪೈಕಿ ಎಷ್ಟರ ನೆಲ ನನ್ನ ಕೈಯಿಂದ ಹೊಳಪು ಕಂಡಿದೆಯೋ ನಾನು ಲೆಕ್ಕ ಇಟ್ಟಿಲ್ಲ. ಮೊಸಾಯಿಕ್ ಇರಲಿ, ಮಾರ್ಬಲ್ ಇರಲಿ, ಮಷಿನ್ ಹಿಡಿದು ನಿಂತೆನೆಂದರೆ ಮುಗಿಯಿತು. ಕೆಲಸ ಮುಗಿದ ದಿನ ಮನೆಯ ಯಜಮಾನ ಯಾರೂ ಹೇಳದೆಯೇ ಚಪ್ಪಲಿಯನ್ನು ಹೊರಗೆ ಬಿಟ್ಟು ಬರುತ್ತಿದ್ದ. ಇದನ್ನು ಜಂಬ ಎನ್ನುವವರು ಧಾರಾಳವಾಗಿ ಎನ್ನಲಿ. ವಿಜಯಪುರದ ಕಡೆಯಿಂದ ಕೂಲಿಗೆಂದು ಗೋವಾಕ್ಕೆ ಬಂದ ನಮಗೆ ಹೊಲದ ಜಂಬ, ಮನೆಯ ಜಂಬ ಯಾವುದೂ ಇರಲಿಲ್ಲ. ಕೈಕೆಲಸದ ಜಂಬವಾದರೂ ಇರಬೇಡವೇ?

ಅಕ್ಕ ಮತ್ತು ಅವಳ ಗಂಡ ಒಂದು ಖೋಲಿಯಲ್ಲಿ, ಪಕ್ಕದ ಖೋಲಿಯಲ್ಲಿ ನಾನು. ಊಟ ಮಾತ್ರ ಅಕ್ಕನ ಕೈಯಿಂದಲೇ. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಮಾತು ಕಡಿಮೆಯ ಮನುಷ್ಯ. ಎಷ್ಟೋ ವರ್ಷ ಗಣಿಯ ಟಿಪ್ಪರ್ ಓಡಿಸಿದ್ದರು. ಅದಿರಿನ ಕೆಂಪು ಧೂಳು ಅವರ ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ ಕೂತುಬಿಟ್ಟಿತ್ತು. ಎಷ್ಟು ಸಲ ಮಿಂದರೂ ಟವೆಲ್ ಕೆಂಪಾಗುತ್ತಿತ್ತು. ಧೂಳಾದರೆ ತೊಳೆಯಬಹುದು, ಸೊಂಟವನ್ನು ಏನು ಮಾಡುವುದು? ಆ ರಸ್ತೆಗಳ ಗುಂಡಿಯಲ್ಲಿ ಹಾರಿ ಹಾರಿ ಅವರ ಸೊಂಟ ಹಿಡಿದುಹೋಗಿತ್ತು. ಬೆಳಿಗ್ಗೆ ಎದ್ದು ಕೂರಬೇಕಾದರೆ ಅಕ್ಕನ ಕೈ ಬೇಕಾಗುತ್ತಿತ್ತು.

ಆ ಮಳೆಗಾಲದಲ್ಲಿ ಮಾಮಾ ಟಿಪ್ಪರ್ ಬಿಟ್ಟು, ಕಡುನೀಲಿ ಬಣ್ಣದ ಹಳೆಯ ಕಾರೊಂದನ್ನು ಟ್ಯಾಕ್ಸಿಗೆಂದು ಕೊಂಡರು. ಕಾಣಕೋಣದ ಸಮುದ್ರದ ದಂಡೆಯ ಮೇಲಿದ್ದ ಒಂದು ಹೋಟೆಲಿನವರು ಸೀಸನ್ನಿಗೆ ಎರಡು ಟ್ಯಾಕ್ಸಿಗಳನ್ನು ಗೊತ್ತುಮಾಡಿಕೊಳ್ಳುವವರಿದ್ದರು. ದಸರೆಯ ದಿನ ಬೆಳಿಗ್ಗೆ ಗಾಡಿ ತಂದು ತೋರಿಸಿ ಎಂದಿದ್ದರು. ಅಲ್ಲಿ ಆಯ್ಕೆಯಾದರೆ ಮಾಮಾ ತಮ್ಮ ಗಾಡಿಗೆ ತಾವೇ ಧಣಿ. ಆಗದಿದ್ದರೆ ಮತ್ತೆ ಟಿಪ್ಪರ್ ಹತ್ತಬೇಕು. ಟಿಪ್ಪರ್ ಮಾಲೀಕ ಆಗಲೇ ಎರಡು ಸಲ ಹೇಳಿಕಳಿಸಿದ್ದ. ಅವನ ಮಾತು ಬಂದಾಗಲೆಲ್ಲ ಅಕ್ಕ ಎದ್ದು ಹೋಗಿ, ತಿಕ್ಕಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತಿಕ್ಕುತ್ತಿದ್ದಳು.

ಕಾರಿನ ಇಂಜಿನ್ ಚೆನ್ನಾಗಿತ್ತು, ಸೀಟುಗಳು ಚೆನ್ನಾಗಿದ್ದವು. ಬಣ್ಣ ಮಾತ್ರ ಸತ್ತುಹೋಗಿತ್ತು. ಮೊದಲಿನ ಮಾಲೀಕ ಅದನ್ನು ಒಣ ಬಟ್ಟೆಯಿಂದ ವರ್ಷಗಟ್ಟಲೆ ಒರೆಸಿ ಒರೆಸಿ ಮೈತುಂಬ ಗೀರು ಮಾಡಿಟ್ಟಿದ್ದ. ಬಿಸಿಲಿಗೆ ನಿಲ್ಲಿಸಿದರೆ ಜೇಡರ ಬಲೆ ಹರವಿದ ಹಾಗೆ ಕಾಣುತ್ತಿತ್ತು. ಟಪ್ಪಿನ, ಅಂದರೆ ಮೇಲ್ಛಾವಣಿಯ, ಮೇಲೆ ಹಕ್ಕಿಯ ಹಿಕ್ಕೆ ತಿಂದ ಗುರುತು, ಸಮುದ್ರದ ಉಪ್ಪುಗಾಳಿಯ ಮಂಕು.

ದಸರೆಗೆ ಎರಡು ದಿನ ಇರುವಾಗ ಮಾಮಾ ಮಡಗಾಂವದ ಗ್ಯಾರೇಜಿಗೆ ಹೋಗಿ ಸಪ್ಪೆ ಮುಖ ಹಾಕಿಕೊಂಡು ಬಂದರು.

"ಹಬ್ಬದ ಗದ್ಲ ಐತಂತ. ದಸರಾ ಮುಗಿಯೂತನಕಾ ಪಾಲಿಶ್ ಆಗೂದಿಲ್ಲ ಅಂದ್ರು."

"ನಾ ಅದೀನಲ್ರಿ ಮಾಮಾ," ಎಂದೆ. "ಮಷಿನ್ ನನ್ನ ಕಡೆ ಐತಿ. ಮನಿ ಮುಂದ ಮಾಡ್ತೇನಿ ಬಿಡ್ರಿ."

ಒಲೆಯ ಮುಂದೆ ಕೂತಿದ್ದ ಅಕ್ಕ ಅಲ್ಲಿಂದಲೇ ಕೂಗಿದಳು. "ನೀ ಫರಸಿ ತಿಕ್ಕಾಂವ. ಅದೇನು ಕಲ್ಲೇನೋ ತಮ್ಮಾ?"

"ಕಲ್ಲಿನ್ಯಾಗ ಮಾರಿ ಕಾಣಂಗ ಮಾಡಾಂವಗ ತಗಡ ಏನ್ ಭಾಳ ದೊಡ್ಡದು?"

ಮಾಮಾ ಜೇಬಿನಿಂದ ಕಾರಿನ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

ಮೆಟ್ಟಿಲಿನ ಅಂಚು ಹೊಳೆಸಲು ನಾನು ಬಳಸುತ್ತಿದ್ದ ಕೈಮಷಿನ್ ಇತ್ತು. ವೇಗ ಹೆಚ್ಚು ಕಡಿಮೆ ಮಾಡುವ ತಿರುಪು ಅದಕ್ಕಿತ್ತು. ಅಂಗಡಿಗೆ ಹೋಗಿ ಫೋಮಿನ ಪ್ಯಾಡು, ಗೀರು ತೆಗೆಯುವ ರಬ್ಬಿಂಗ್ ಕಂಪೌಂಡ್, ಕೊನೆಯಲ್ಲಿ ಹೊಳಪನ್ನು ಕಾಯಲು ಹಚ್ಚುವ ಸೀಲಂಟ್ ಡಬ್ಬಿ ತಂದೆ. ಗಾಡಿಗಳಿಗೆ ಬಣ್ಣ ಹೊಡೆಯುವ ಪರಿಚಯದವನೊಬ್ಬ ಮೂರು ಮಾತು ಹೇಳಿದ. ಬಿಸಿಲಲ್ಲಿ ಮಾಡಬೇಡ. ಮಷಿನ್ ನಿಧಾನ ತಿರುಗಲಿ. ತಗಡು ಉಬ್ಬಿ ಗೆರೆಯಾದ ಏಣುಗಳ ಮೇಲೆ ನಿಲ್ಲಿಸಬೇಡ, ಅಲ್ಲಿ ಬಣ್ಣ ತೆಳ್ಳಗಿರುತ್ತದೆ. ಮೊದಲೆರಡನ್ನು ಚೆನ್ನಾಗಿ ಕೇಳಿಸಿಕೊಂಡೆ. ಮೂರನೆಯದನ್ನು ಕೇಳುವಾಗ, ಏಣು ಹೊಳೆಸುವುದನ್ನು ಇವನೇನು ನನಗೆ ಕಲಿಸುವುದು ಎಂದುಕೊಳ್ಳುತ್ತಿದ್ದೆ.

ಮರುದಿನ ಮಹಾನವಮಿ. ಸೈಟಿಗೆ ರಜೆ. ನಮ್ಮ ಕಡೆ ಅಂದು ಖಂಡೇಪೂಜೆ. ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು, ದೇವರ ಮುಂದಿಟ್ಟು, ಕುಂಕುಮ ಹಚ್ಚಿ ಕೈಮುಗಿಯುವ ದಿನ. ನಾನು ಬೆಳಕು ಹರಿಯುತ್ತಲೇ ವಾಯರ್ ಎಳೆದದ್ದು ಕಂಡು ಅಕ್ಕನಿಗೆ ಸಿಟ್ಟು ಬಂತು.

"ಮಷಿನ್ ದೇವ್ರ ಮುಂದ ಕುಂದರೂ ದಿನಾ, ನೀ ತಿರಗಸ್ತೇನಿ ಅಂತಿ."

"ಸಂಜೀಕ ಕುಂದರ್ತೈತಿ ತಗೋ. ಮತ್ತ ಇನ್ನೊಂದು ಕೇಳು. ಸೀಲಂಟ್ ಹಚ್ಚಿದ ಮ್ಯಾಲ ನಾಳಿತನಕಾ ಅದರ ಮ್ಯಾಲ ಹನಿ ನೀರು ಬೀಳಬಾರದು. ನಿನ್ನ ಹಸಿ ಕುಂಕುಮಾ ಬಾನೆಟ್ಟಿಗೆ ಹಚ್ಚಬ್ಯಾಡ. ಗಾಲಿಗೆ ಹಚ್ಚು."

"ಹಣಿ ಬಿಟ್ಟು ಕಾಲಿಗೆ ಹಚ್ಚತಾರೇನೋ ಕುಂಕುಮಾ? ಬಾನೆಟ್ಟಿಗೇ ಹಚ್ಚಾಕಿ ನಾ."

ಈ ಜಗಳ ಮಧ್ಯಾಹ್ನದವರೆಗೂ ಆಗಾಗ ಹೊತ್ತಿಕೊಳ್ಳುತ್ತಲೇ ಇತ್ತು.

ಖೋಲಿಗಳ ಮುಂದೆ ಮಳೆಗಾಲಕ್ಕೆಂದು ಕಟ್ಟಿದ್ದ ನೀಲಿ ಪ್ಲಾಸ್ಟಿಕ್ ತಾಡಪತ್ರಿಯನ್ನು ಇನ್ನೂ ಬಿಚ್ಚಿರಲಿಲ್ಲ. ಅದರ ನೆರಳಲ್ಲಿ ಕಾರು ನಿಲ್ಲಿಸಿದೆ. ಶಾಂಪೂ ನೀರಿನಲ್ಲಿ ತೊಳೆದು, ಒರೆಸಿ, ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮೈಯೆಲ್ಲ ಸವರಿದೆ. ಬರಿಗೈಗೆ ತಿಳಿಯದ ತರಿ ಚೀಲದೊಳಗಿನ ಬೆರಳಿಗೆ ತಿಳಿಯುತ್ತದೆ. ಮರದ ಅಂಟು ಎಲ್ಲಿದೆಯೋ ಅಲ್ಲಿ ಸೀಮೆಎಣ್ಣೆಯ ಬಟ್ಟೆಯಿಂದ ತೆಗೆದೆ. ಕಿಟಕಿಯ ರಬ್ಬರಿಗೆ, ದೀಪದ ಸುತ್ತ ಟೇಪು ಅಂಟಿಸಿದೆ. ಮಾಮಾ ಕೇಳಿದ್ದನ್ನು ಎತ್ತಿಕೊಡುತ್ತ ಹಿಂದೆಯೇ ಇದ್ದರು.

ಮೊದಲು ಟಪ್ಪು. ಪ್ಯಾಡಿಗೆ ನಾಲ್ಕು ಬೊಟ್ಟು ಕಂಪೌಂಡ್ ಇಟ್ಟು, ಮಷಿನ್ ಚಾಲೂ ಮಾಡುವ ಮೊದಲೇ ಬಣ್ಣದ ಮೇಲೆ ಸವರಿಕೊಂಡೆ. ಹಾಗೆ ಮಾಡದಿದ್ದರೆ ಅಷ್ಟೂ ಮುಖಕ್ಕೆ ಸಿಡಿಯುತ್ತದೆ. ಒಂದು ಮೊಳದಷ್ಟು ಜಾಗ, ಅಡ್ಡ ಒಮ್ಮೆ, ಉದ್ದ ಒಮ್ಮೆ. ಒರೆಸಿ ನೋಡಿದರೆ ಗೀರುಗಳು ಎಲ್ಲಿ ಹೋದವೋ! ಒಂದೆರಡು ಪಟ್ಟೆ ಮುಗಿಸಿ ಮಾಮಾನನ್ನು ಕರೆದೆ. ಅವರು ಬಾಗಿ ನೋಡಿದರು, ಅಲ್ಲಿ ಅವರದೇ ಮೀಸೆ ಕಂಡಿತು. ಮಾಮಾ ನಕ್ಕರು. ಆ ಮನುಷ್ಯ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿ ವರ್ಷಗಳೇ ಆಗಿದ್ದವು. ಅಂದಿನಷ್ಟು ಹೆಮ್ಮೆ ನನಗೆ ಯಾವ ಮಾರ್ಬಲ್ ನೆಲವೂ ಕೊಟ್ಟಿಲ್ಲ.

ಟಪ್ಪು, ಡಿಕ್ಕಿ, ನಾಲ್ಕು ಬಾಗಿಲು ಮುಗಿಸಿ ಬಾನೆಟ್ಟಿಗೆ ಬಂದಾಗ ನಾನು ಹಾಡು ಗುನುಗುತ್ತಿದ್ದೆ.

ಕಲ್ಲಿನ ಕೆಲಸದಲ್ಲಿ ರಾಡಿ ಎಂದರೆ ನಮಗೆ ಹಿಗ್ಗು. ಮಷಿನ್ ಕೆಳಗಿಂದ ಗಟ್ಟಿ ರಾಡಿ ಬರುತ್ತಿದೆ ಎಂದರೆ ಕಲ್ಲು ಕೈಗೆ ಬಂತು ಎಂದರ್ಥ; ಆಗ ಇನ್ನಷ್ಟು ಭಾರ ಹಾಕಬೇಕು. ವರ್ಷಗಟ್ಟಲೆ ನನ್ನ ತೋಳು ಅದನ್ನೇ ಕಲಿತಿತ್ತು. ಬಾನೆಟ್ಟಿನ ಎಡಗಡೆ ಉದ್ದಕ್ಕೂ ಒಂದು ಏಣು ಇತ್ತು. ಅದರ ಪಕ್ಕದ ಆಳವಾದ ಗೀರೊಂದು ಹೋಗುತ್ತಲೇ ಇರಲಿಲ್ಲ. ನಾನು ಅಲ್ಲೇ ನಿಂತೆ. ಪ್ಯಾಡಿನ ಸುತ್ತ ನೀಲಿ ರಾಡಿ ಬಂತು. ಬರಲಿ ಬರಲಿ ಎಂದು ಮೈಭಾರ ಹಾಕಿದೆ. ಬರುತ್ತಿದ್ದದ್ದು ಕೊಳೆಯಲ್ಲ, ಕಾರಿನ ಬಣ್ಣವೇ ಎಂದು ನನ್ನ ತೋಳಿಗೆ ತಿಳಿಯಲಿಲ್ಲ. ನೀಲಿ ತಾಡಪತ್ರಿಯ ಕೆಳಗೆ ಎಲ್ಲವೂ ನೀಲಿಯೇ ಕಾಣುತ್ತಿದ್ದುದರಿಂದ ಕಣ್ಣಿಗೂ ತಿಳಿಯಲಿಲ್ಲ.

ಸುಟ್ಟ ವಾಸನೆ ಬಂದಾಗ ಮಷಿನ್ ಎತ್ತಿದೆ. ಒರೆಸಿದೆ. ಏಣಿನ ಮೇಲೆ ಹೆಬ್ಬೆರಳಿನಗಲ ಬಣ್ಣ ಹೋಗಿ ಕೆಳಗಿನ ಬೂದು ಬಣ್ಣದ ಪ್ರೈಮರ್ ಕಾಣುತ್ತಿತ್ತು.

ಸಂಕೋಚವಿಲ್ಲದೆ ಹೇಳುತ್ತೇನೆ, ಆಗ ನನಗೆ ಓಡಿಹೋಗಬೇಕೆನಿಸಿತು. ಮಾಮಾ ಹತ್ತಿರ ಬಂದು ನೋಡಿದರು, ಆ ಜಾಗವನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಹೋಗಿ ಹೊಸ್ತಿಲ ಮೇಲೆ ಕೂತು ಸೊಂಟ ಒತ್ತಿಕೊಳ್ಳತೊಡಗಿದರು. ಆಮೇಲೆ ಅಲ್ಲಿಂದಲೇ ಅಂದರು:

"ಉಳದದ್ದನ್ನರ ಚಂದಂಗ ಮುಗಸು."

ಮುಗಿಸಿದೆ. ಅಷ್ಟು ಹಗುರವಾದ ಕೈಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಉಳಿದ ಏಣುಗಳಿಗೆಲ್ಲ ಟೇಪು ಅಂಟಿಸಿ ಮಷಿನ್ ಆಡಿಸಿ, ಕೊನೆಗೆ ಟೇಪು ಕಿತ್ತು ಅವುಗಳನ್ನು ಬರಿಗೈಯಲ್ಲಿ ಉಜ್ಜಿದೆ. ಆಮೇಲೆ ಸೀಲಂಟನ್ನು ಕಂಡೂ ಕಾಣದಷ್ಟು ತೆಳ್ಳಗೆ ಸವರಿ, ಬೆಳ್ಳಗೆ ಮಂಜು ಕಟ್ಟುವವರೆಗೆ ಕಾದು, ಹಳೆಯ ಬನಿಯನ್ನಿನಿಂದ ಒರೆಸಿ ತೆಗೆದೆ. ನಾಲ್ಕು ಗಂಟೆಗೆ ತಾಡಪತ್ರಿ ಸರಿಸಿದೆವು. ಬಿಸಿಲಿಗೆ ಇಡೀ ಗಾಡಿ ಝಗ್ಗೆಂದಿತು. ಆ ಬೂದು ಕಲೆಯೂ ಅಷ್ಟೇ ಚೆನ್ನಾಗಿ ಕಂಡಿತು. ಹಬ್ಬದ ದಿನ ಬಣ್ಣದವನು ಊರಿಗೆ ಹೋಗಿದ್ದ. ಬೇರೆ ಯಾರೂ ಸಿಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಕ್ಕ ತಾಟು ಹಿಡಿದು ಬಂದಳು. ಮಷಿನ್ನಿಗೆ, ನನ್ನ ಉಜ್ಜುಗಲ್ಲುಗಳಿಗೆ ಕುಂಕುಮ ಹಚ್ಚಿದಳು. ಕಾರಿನ ಸ್ಟೇರಿಂಗಿಗೆ ಹಚ್ಚಿದಳು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು, ಮುಂದಿನ ಬಂಪರಿಗೆ ಚೆಂಡುಹೂವಿನ ಮಾಲೆ ಕಟ್ಟಿದಳು. ಆಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ನಾಳೆ ಬರುವ ಎಲ್ಲ ಗಾಡಿಗಳ ಹಣೆಯ ಮೇಲೂ ಕುಂಕುಮ ಇದ್ದೇ ಇರುತ್ತದೆ. ಅದನ್ನು ಒರೆಸಿ ನೋಡುವವರು ಯಾರು?

"ಅಕ್ಕಾ, ಬಾನೆಟ್ಟಿಗೆ ಹಚ್ಚು. ಇಲ್ಲಿ. ಈ ಏಣಿನ ಮ್ಯಾಲ, ಅಗಲಾಗಿ ಒಂದು ಸ್ವಸ್ತಿಕ ಬರಿ."

ಅಕ್ಕ ಕಲೆಯನ್ನು ನೋಡಿದಳು, ನನ್ನನ್ನು ನೋಡಿದಳು. ಮುಂಜಾನೆಯಿಂದ ಬಾನೆಟ್ಟಿಗೇ ಹಚ್ಚುತ್ತೇನೆಂದು ಕಾದಾಡಿದವಳು ತಾಟನ್ನು ಹಿಂದಕ್ಕೆ ಎಳೆದುಕೊಂಡಳು.

"ಪೂಜಿಗಂದ್ರ ಹಚ್ಚತೇನಿ. ಮುಚ್ಚಾಕ ಹಚ್ಚೂದಿಲ್ಲ."

"ಅಕ್ಕಾ, ಮಾಮಾ ಮತ್ತ ಟಿಪ್ಪರ್ ಹತ್ತಬೇಕಾಕ್ಕೈತಿ."

"ನನಗ ಗೊತ್ತಿಲ್ಲೇನೋ ಅದು?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. "ಹತ್ತಿದ್ರ ಹತ್ತಲಿ. ದೇವ್ರ ಕುಂಕುಮಾ ತಂದು ನಿನ್ನ ತಪ್ಪಿನ ಮ್ಯಾಲ ಬಡಿಯಾಕಿ ನಾ ಅಲ್ಲ."

ನಾನು ಮಾಮಾನ ಕಡೆ ನೋಡಿದೆ. ಅವರು ಕರ್ಪೂರದ ಆರತಿಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು.

ಮರುದಿನ ಕಾಣಕೋಣಕ್ಕೆ ನಾನೂ ಹೋದೆ. ತಪ್ಪು ನನ್ನದು, ನಾನೇ ಹೇಳುತ್ತೇನೆ ಎಂದು ದಾರಿಯುದ್ದಕ್ಕೂ ಕೊಂಕಣಿ ಮಾತುಗಳನ್ನು ಜೋಡಿಸಿಕೊಂಡೆ. ಹೋಟೆಲಿನ ಅಂಗಳದಲ್ಲಿ ಏಳೆಂಟು ಗಾಡಿಗಳು ನಿಂತಿದ್ದವು. ಎಲ್ಲದರ ಬಾನೆಟ್ಟಿನ ಮೇಲೂ ಕುಂಕುಮ, ಹೂವು. ನಮ್ಮದೊಂದೇ ಬೋಳು; ಬಂಪರಿನ ಮಾಲೆಯೂ ದಾರಿಯಲ್ಲಿ ಉದುರಿಹೋಗಿತ್ತು. ಮ್ಯಾನೇಜರ್ ನಡುವಯಸ್ಸಿನ ಗೋವೆಯವರು, ಹಣೆಗೆ ಗಂಧ ಇಟ್ಟಿದ್ದರು. ನಮ್ಮ ಗಾಡಿಯ ಮುಂದೆ ನಿಂತು, ನಿನ್ನೆ ಇದಕ್ಕೆ ಪೂಜೆ ಮಾಡಲಿಲ್ಲವೇ ಎಂದು ಕೊಂಕಣಿಯಲ್ಲಿ ಕೇಳಿದರು. ಅಷ್ಟರಲ್ಲಿ ಅವರ ಕಣ್ಣು ಕಲೆಗೆ ಬಿತ್ತು.

"ಹೆಂ ಕಿತೆಂ?" ಎಂದರು, ಇದೇನು ಎಂದು.

ನಾನು ಬಾಯಿ ತೆರೆದೆ. ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. ಮಾಮಾ ಮುಂದೆ ಬಂದರು. ತಮ್ಮ ಅರೆಬರೆ ಕೊಂಕಣಿಯಲ್ಲಿ, ಅವಸರವಿಲ್ಲದೆ ಹೇಳಿದರು: ನಿನ್ನೆ ಮನೆಯ ಮುಂದೆ ಪಾಲಿಶ್ ಮಾಡುವಾಗ ಸುಟ್ಟಿತು. ಕೀಲಿ ಕೊಟ್ಟವನು ನಾನೇ. ಪೂಜೆ ಆಗಿದೆ. ಇಲ್ಲಿ ಕುಂಕುಮ ಹಚ್ಚಿದ್ದರೆ ನಿಮಗೆ ಕಾಣುತ್ತಿರಲಿಲ್ಲ, ನನ್ನ ಹೆಂಡತಿ ಹಚ್ಚಲಿಲ್ಲ.

ಮಾಮಾ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಹೆಸರನ್ನು ಅವರು ಎತ್ತಲೇ ಇಲ್ಲ.

ಮ್ಯಾನೇಜರ್ ಕಾರನ್ನು ಒಂದು ಸುತ್ತು ಹಾಕಿದರು. ಟಪ್ಪಿನ ಮೇಲೆ ಅಂಗೈ ಆಡಿಸಿದರು, ಬಾಗಿಲಲ್ಲಿ ತಮ್ಮ ಮುಖ ನೋಡಿಕೊಂಡರು. ಆಮೇಲೆ ಸಾಲಿನಲ್ಲಿದ್ದ ಇನ್ನೊಂದು ಗಾಡಿಯ ಮುಂದೆ ನಿಂತು, ಅದರ ಹೂಮಾಲೆಯನ್ನು ಸ್ವಲ್ಪ ಎತ್ತಿ ನೋಡಿದರು. ವಾಪಸ್ ಬಂದು ಮಾಮಾನಿಗೆ ಹೇಳಿದರು: ಸೋಮವಾರದಿಂದ ಬಾ, ಗಿರಾಕಿಗಳು ಬರುವುದರೊಳಗೆ ಅದಕ್ಕೆ ಬಣ್ಣ ಹಾಕಿಸು. ನಾನು ತೆಂಗಿನ ಮರದ ಹಿಂದೆ ಹೋಗಿ ಅತ್ತುಬಿಟ್ಟೆ.

ಮುಂದಿನ ವರ್ಷದ ನವಮಿಗೆ ಮಾಮಾ ಮತ್ತೆ ನನಗೇ ಕೀಲಿ ಕೊಟ್ಟರು. ತಾಡಪತ್ರಿ ಬಿಚ್ಚಿ ಮರದ ನೆರಳಲ್ಲಿ ಕೆಲಸ ಮಾಡಿದೆ. ಏಣುಗಳಿಗೆ ಎರಡೆರಡು ಸುತ್ತು ಟೇಪು. ಆ ಕಲೆಯಿದ್ದ ಜಾಗಕ್ಕೆ ಯಾವಾಗಲೋ ಬಣ್ಣ ಬಿದ್ದಿತ್ತು, ಎಲ್ಲಿತ್ತೆಂದು ಗೊತ್ತಿದ್ದವರು ನಾವು ಮೂವರೇ. ಸಂಜೆ ಅಕ್ಕ ತಾಟು ಹಿಡಿದು ಬಂದು ಬಾನೆಟ್ಟಿನ ಮುಂದೆ ನಿಂತಳು.

"ಒಣಗೇತೇನೋ?"

ಒಣಗಿರಲಿಲ್ಲ. "ಒಣಗೇತಿ, ಹಚ್ಚಕ್ಕಾ," ಎಂದೆ.

ಅವಳು ಬೆರಳು ಅದ್ದಿ, ಸರಿಯಾಗಿ ಆ ಏಣಿನ ಮೇಲೆ ಇಟ್ಟಳು. ಹಸಿ ಸೀಲಂಟಿನಲ್ಲಿ ಕುಂಕುಮ ಇಳಿದು, ತೊಳೆದರೂ ಹೋಗದ ತಿಳಿಗೆಂಪು ಬೆರಳಗುರುತು ಉಳಿಯಿತು. ಮಷಿನ್ ಹಿಡಿದರೆ ಅದನ್ನು ತೆಗೆಯಲು ನನಗೆ ಎರಡು ನಿಮಿಷ ಸಾಕು. ನಾನು ತೆಗೆಯಲಿಲ್ಲ.