ಬಟ್ಟಿ ಸರಿದದ್ದು

ಉಂಡ ಮೇಲೆ ಹೊಟ್ಟೆ ಗುಡುಗುಡು ಎನ್ನುವುದು ಒಂದು ತಿಂಗಳಿಂದ ನಡೆದಿತ್ತು. ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ "ಏನೂ ಇಲ್ಲ" ಎಂದರೂ ನನಗೆ ಸಮಾಧಾನವಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದಾಗೆಲ್ಲ ಹೊಸ ರೋಗವೊಂದು ಸಿಗುತ್ತಿತ್ತು.

ಆ ದಿನ ಕುಡಿಯುವ ನೀರಿನ ಯಂತ್ರ ರಿಪೇರಿಗೆಂದು ನೇಸರಗಿಗೆ ಹೋಗಿದ್ದೆ. ಕೊಡ ಹಿಡಿದು ಕಾಯುತ್ತಿದ್ದ ಅಜ್ಜಿಯೊಬ್ಬಳು ಕೇಳಿದಳು, "ಯಾಕಪಾ ತಮ್ಮಾ, ಆಗಿಂದ ಹೊಟ್ಟಿ ಹಿಡಕೊಂಡ ಕೆಲಸ ಮಾಡಾಕತ್ತೀಯಲ್ಲ?"

ತಿಂಗಳ ಕಥೆಯನ್ನೆಲ್ಲ ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಂದು ಬಟ್ಟಿ ಸರದೈತಿ" ಎಂದಳು.

ನಾನು ಮಂಡ್ಯದ ಕಡೆಯವನು. ಇಲ್ಲಿ ಮನೆ ಮನಿಯಾಗುತ್ತದೆ, ಹೊಟ್ಟೆ ಹೊಟ್ಟಿಯಾಗುತ್ತದೆ. ಹಾಗಾದರೆ ಬಟ್ಟಿ ಎಂದರೆ ಬಟ್ಟೆಯೇ ಎಂದುಕೊಂಡು, ಗಾಬರಿಯಿಂದ ಆ ಕಡೆ ತಿರುಗಿ ಪ್ಯಾಂಟಿನ ಜಿಪ್ಪಿಗೆ ಕೈ ಹಾಕಿದೆ.

ಅಜ್ಜಿ ಕೊಡ ಕೆಳಗಿಟ್ಟು ನಕ್ಕಳು. "ಅಯ್ಯ ನಿನ್ನ! ಅದಕ್ಕ ನಾವು ಅರಿವಿ ಅಂತೀವಿ. ನಾ ಹೊಕ್ಕಳದ ಬಟ್ಟಿ ಹೇಳಾಕತ್ತೇನಿ. ಹೊಕ್ಕಳ ಸರದ್ರ ಕಾಲಿನ ಹೆಬ್ಬೆರಳು ಹಿಂದಮುಂದ ಆಗತಾವ. ಕಾಲು ಜೋಡಿಸಿ ನಿಂದರ."

ನಿಂತೆ. ಹೆಬ್ಬೆರಳುಗಳೆರಡೂ ಒಂದು ಜೋಳದ ಕಾಳಿನಷ್ಟು ಹಿಂದೆಮುಂದೆ ಇದ್ದವು.

"ನೋಡ, ಇಷ್ಟ ಐತಿ. ಇದಕ್ಕ ತಿಂಗಳಾತು ಅಂಜಿ ಸಾಯಾಕತ್ತಿ."

ನಾನೂ ನಕ್ಕುಬಿಟ್ಟೆ. ಹೊಕ್ಕುಳು ನಿಜಕ್ಕೂ ಸರಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಡಾಕ್ಟರ "ಏನೂ ಇಲ್ಲ" ನಂಬದವನಿಗೆ ಅಜ್ಜಿಯ "ಇಷ್ಟ ಐತಿ" ಸಾಕಾಯಿತು. ಮಧ್ಯಾಹ್ನ ಒಂದು ರೊಟ್ಟಿ ಹೆಚ್ಚಿಗೇ ತಿಂದೆ. ಹೊಟ್ಟೆ ಎಂದಿನಂತೆ ಗುಡುಗಿತು. ಮೊಬೈಲ್ ಮಾತ್ರ ಜೇಬಿನಲ್ಲೇ ಇತ್ತು.

ಅಂದಹಾಗೆ, ಜಿಪ್ಪೂ ಅರ್ಧ ಇಳಿದೇ ಇತ್ತು. ಅದನ್ನು ಅಜ್ಜಿಗೆ ಹೇಳಲಿಲ್ಲ.