ಜೋಲಿ ಬಿಚ್ಚುವ ಆಯಿ

ಕಳೆದ ತಿಂಗಳು ಯಾದಗಿರಿಯಿಂದ ಶಹಾಪುರದ ಕಡೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಬಾಣಂತಿ ಬಂದು ಕುಳಿತಳು. ಮಡಿಲಲ್ಲಿ ಕುಲಾಯಿ ಹಾಕಿದ ಕೂಸು. ಬೆಳಿಗ್ಗೆಯಷ್ಟೇ ಎರೆದು, ಹೊಗೆ ಹಾಕಿ ತಂದಿರಬೇಕು. ಕೂಸು ತಲೆ ಹೊರಳಿಸಿದಾಗಲೆಲ್ಲ ಲೋಬಾನದ ವಾಸನೆ, ಅದರೊಳಗೆ ಸ್ವಲ್ಪ ಬೆಳ್ಳುಳ್ಳಿ ಸಿಪ್ಪೆಯ ಸುಟ್ಟ ವಾಸನೆ. ನಾನು ಕಿಟಕಿ ಸರಿಸಿದೆ. ಗಾಳಿ ಬಂದಷ್ಟೂ ವಾಸನೆ ಹತ್ತಿರವಾಯಿತು. ಅದರ ಹಿಂದೆಯೇ ಆಯಿ ಬಂದಳು.

ಆಯಿ ಅಂದರೆ ನನ್ನ ಅಜ್ಜಿಯಲ್ಲ. ಸುರಪುರದ ಹತ್ತಿರ, ಬೋನಾಳ ಕೆರೆಯ ದಂಡೆಯಲ್ಲಿ ಒಬ್ಬಳೇ ಇದ್ದ ಮುದುಕಿ. ಊರೆಲ್ಲ ಅವಳನ್ನು ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಒಂದು ಮಧ್ಯಾಹ್ನ ಅವಳು ನನ್ನೆದುರು ಒಂದು ಹೆಸರು ಕರೆದಿದ್ದಳು. ಆ ಹೆಸರು ಯಾವುದಾಗಿತ್ತು ಎಂಬುದು ನನಗೆ ಗೊತ್ತು. ಅಥವಾ ಗೊತ್ತು ಅಂದುಕೊಂಡಿದ್ದೇನೆ... ಇವೆರಡರಲ್ಲಿ ಯಾವುದು ನಿಜ ಎಂದು ತಿಳಿಯದೆ ಎಷ್ಟೋ ವರ್ಷ ಕಳೆದವು. ಕಳೆದ ತಿಂಗಳ ಆ ಬಸ್ಸಿನಿಂದ ಶಹಾಪುರದಲ್ಲಿ ಇಳಿದು ಸಭೆಗೆ ಹೋಗಬೇಕಿದ್ದವನು ಇಳಿಯದೆ ಸುರಪುರಕ್ಕೆ ಟಿಕೆಟ್ಟು ಮುಂದುವರಿಸಿದೆ.

ನಾನು ಆ ಕಡೆಗೆ ಮೊದಲು ಬಂದದ್ದು ಕುಟುಂಬ ಯೋಜನೆಯ ಸಲಹೆಗಾರನಾಗಿ. ವಿಶ್ವವಿದ್ಯಾಲಯದಿಂದ ಹೊರಬಿದ್ದು ಬಹಳ ದಿನವಾಗಿರಲಿಲ್ಲ. ಯಾವುದನ್ನೂ ನಂಬದಿರುವುದೇ ವಿದ್ಯೆ ಎಂದು ತಿಳಿದಿದ್ದ ವಯಸ್ಸು. ಕೆಲಸ ಸರಳವಾಗಿ ಹೇಳುವುದಾದರೆ ಇಷ್ಟು: ಇನ್ನು ಮಕ್ಕಳು ಸಾಕು ಎಂದು ತಾವೇ ಹೇಳಿ ಹೆಸರು ಕೊಟ್ಟ ಹೆಂಗಸರು ಆಪರೇಷನ್ ಕ್ಯಾಂಪಿನ ದಿನ ಯಾಕೆ ಬರುವುದಿಲ್ಲ ಎಂದು ಕಂಡುಹಿಡಿದು ಉಪಾಯ ಸೂಚಿಸಬೇಕು. ನಾನು ಬಣ್ಣದ ಚಿತ್ರಗಳನ್ನು ತೂಗುಹಾಕಿ ಕಾಪರ್-ಟಿ, ಗುಳಿಗೆ, ಗಂಡಸರ ಆಪರೇಷನ್ ಎಲ್ಲವನ್ನೂ ವಿವರಿಸುತ್ತಿದ್ದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಗಂಡಸರು ಎದ್ದು ಹೋಗುತ್ತಿದ್ದರು.

ನಮ್ಮ ಜೀಪಿನ ಡ್ರೈವರ್ ಶಹಾಪುರದವನು, ನನಗಿಂತ ಹಿರಿಯ. ಕೆಲವು ದಿನ ಸುಮ್ಮನೆ ನೋಡಿ ಒಮ್ಮೆ ಹೇಳಿದ:

"ಸಾಹೇಬ್ರ, ನಿಮ್ಮ ಚಿತ್ರ ಚೊಲೊ ಅವ. ಆದ್ರ ಇಲ್ಲಿ ಆಯಿ ಹೂಂ ಅನ್ಬೇಕು. ಆಕಿ ಜೋಲಿ ಬಿಚ್ಚದ ಒಂದು ಹೆಣ್ಣಮಗಳೂ ನಮ್ಮ ಗಾಡಿ ಹತ್ತಂಗಿಲ್ಲ."

ಹೀಗೆ ಆಯಿಯ ಮನೆಗೆ ಹೋದೆ. ತಗ್ಗು ಬಾಗಿಲು, ಮಣ್ಣಿನ ಗೋಡೆ, ನಡುಮನೆಯ ಉದ್ದಕ್ಕೂ ಒಂದು ದಪ್ಪ ತೊಲೆ. ಒಳಗೆ ಕಾಲಿಟ್ಟೊಡನೆ ಬಾಣಂತಿ ಕೋಣೆಯ ವಾಸನೆ. ಮನೆಯಲ್ಲಿ ಕೂಸಿರಬೇಕು ಎಂದುಕೊಂಡು ಕಣ್ಣಾಡಿಸಿದೆ. ಮುದುಕಿಯೊಬ್ಬಳೇ ಇದ್ದಳು. ತೊಲೆಯ ನಡುವೆ ಬಟ್ಟೆ ತಿಕ್ಕಿ ತಿಕ್ಕಿ ಒಂದು ಕಡೆ ಕನ್ನಡಿಯಂತೆ ನುಣುಪಾಗಿತ್ತು.

"ಬಾ ತಮ್ಮಾ, ಕುಂದ್ರು. ಮಕ್ಕಳು ಸಾಕು ಅಂತ ಹೇಳೋ ಸಾಹೇಬ ನೀನೇ ಏನು? ನಿನಗೆಷ್ಟು ಮಕ್ಕಳು?"

ಮದುವೆಯೇ ಆಗಿಲ್ಲ ಅಂದೆ.

"ಉಣ್ಣಾಕ ಕುಂತೇ ಇಲ್ಲ, ಆಗ್ಲೇ ಸಾಕು ಅನ್ನಾಕತ್ತೀ."

ಹಲ್ಲಿಲ್ಲದ ಬಾಯಿಯಿಂದ ಸದ್ದಿಲ್ಲದೆ ನಕ್ಕಳು. ಚಹಾ ಕೊಟ್ಟಳು. ಆಮೇಲೆ ನಾನು ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಉತ್ತರಿಸಿದಳು.

ಖಾಲಿ ತೊಟ್ಟಿಲು ತೂಗಬಾರದು ಎಂದು ನನ್ನ ತಾಯಿಯೂ ಬೈಯುತ್ತಿದ್ದಳು. ಆ ಊರಿನಲ್ಲಿ ಅದನ್ನು ತೂಗಬಹುದಾದವಳು ಆಯಿ ಒಬ್ಬಳೇ. ಆಪರೇಷನ್ನಿಗೆ ಹೋಗಲು ಮನಸ್ಸು ಮಾಡಿದ ಹೆಂಗಸು ತನ್ನ ಮಕ್ಕಳೆಲ್ಲ ಮಲಗಿ ಬೆಳೆದ ಹಳೆಯ ಸೀರೆಯನ್ನು ಅವಳಲ್ಲಿಗೆ ತರುತ್ತಿದ್ದಳು. ಆಯಿ ಅದನ್ನು ತೊಲೆಗೆ ಜೋಲಿ ಕಟ್ಟಿ, ಲೋಬಾನದ ಹೊಗೆ ಹಾಯಿಸಿ, ಖಾಲಿ ಜೋಲಿಯನ್ನೇ ತೂಗುತ್ತಿದ್ದಳು. ಇನ್ನು ಹುಟ್ಟದಿರುವ ಆ ಕೂಸಿಗೆ ಒಂದು ಹೆಸರಿಟ್ಟು ಕರೆದು, ಇಲ್ಲಿ ಜಾಗ ಇಲ್ಲ ಕಂದಾ, ಬ್ಯಾರೆ ಮನಿ ನೋಡ್ಕೋ ಎಂದು ಹೇಳುತ್ತಿದ್ದಳು. ಜೋಲಿ ಹಗುರಾಯಿತು ಅನ್ನಿಸಿದಾಗ ಗಂಟು ಬಿಚ್ಚುತ್ತಿದ್ದಳು. ಅಲ್ಲಿಗೆ ಆ ಹೆಂಗಸು ನಿಶ್ಚಿಂತೆಯಿಂದ ಕ್ಯಾಂಪಿಗೆ ಹೋಗುವಳು. ಬಿಚ್ಚದಿದ್ದರೆ ಯಾರು ಹೇಳಿದರೂ ಹೋಗಳು.

"ಅದು ಎಲ್ಲಿಗೆ ಹೋಗುತ್ತದೆ, ಆಯಿ?"

"ಗಂಟು ಬಿಚ್ಚಿದವರ ಬೆನ್ನ ಹತ್ತತದ."

"ಹಾಗಾದರೆ ಎಲ್ಲವೂ ನಿನ್ನ ಮನೆಗೇ ಬಂದಿರಬೇಕಲ್ಲ."

ನಾನು ತಮಾಷೆಗೆ ಅಂದದ್ದು. ಅವಳು ನಡುಮನೆಯ ಮೂಲೆ ಮೂಲೆಗಳನ್ನು ನಿಧಾನವಾಗಿ ನೋಡಿದಳು, ಮಲಗಿದವರನ್ನು ಎಬ್ಬಿಸಬಾರದು ಎನ್ನುವ ಹಾಗೆ.

"ಬಂದಾವ. ಆದ್ರ ನನ್ನ ಹಂತ್ಯಾಕ ಹುಟ್ಟಾಕ ದಾರಿ ಎಲ್ಲದ ತಮ್ಮಾ?"

ಆಮೇಲೆ ಹೇಳಿದಳು. ಅವಳ ಪ್ರಾಯದ ಕಾಲದಲ್ಲಿ ಹಳ್ಳಿಗಳಿಗೆ ಆಪರೇಷನ್ನಿನ ಜೀಪು ಬರುತ್ತಿತ್ತು. ನೆಗೆಣ್ಣಿಗೆ ಜೊತೆಯಾಗಿ ಅವಳೂ ಹತ್ತಿದ್ದಳು. "ಆಕಿಗಿ ಸಾಕಾಗುವಷ್ಟು ಮಕ್ಕಳಿದ್ವು. ನನಗ ಮದುವ್ಯಾಗಿ ವರ್ಷ ತುಂಬಿದ್ದಿಲ್ಲ. ಲೆಕ್ಕಕ್ಕ ಒಂದು ಕಡಿಮಿ ಬಿದ್ದದ ಅಂದ್ರು. ನನ್ನೂ ಮಲಗಿಸಿದ್ರು." ಇಷ್ಟು ಹೇಳಿ ನನ್ನ ಕೈಯಿಂದ ಖಾಲಿ ಬಟ್ಟಲು ತೆಗೆದುಕೊಂಡು ಹೊರಗೆ ಹೋದಳು. ಅವಳು ಹೋದ ಮೇಲೆ ಆ ನಡುಮನೆಯಲ್ಲಿ ಒಬ್ಬನೇ ಕೂರಲು ನನಗೆ ಆಗಲಿಲ್ಲ. ಸೆಕೆಯ ಕಾರಣ ಎದ್ದು ಬಂದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದು ಚಳಿಗಾಲ. ಕೆರೆಯಲ್ಲಿ ದೂರದೇಶದ ಹಕ್ಕಿಗಳು ಇಳಿದಿದ್ದವು.

ಆ ವಾರವೇ ಭೀಮವ್ವನ ಮಾತು ಬಂತು. ಹತ್ತಿ ಬಿಡಿಸುವ ಕೂಲಿಯ ಹೆಂಗಸು, ನಾಲ್ಕು ಮಕ್ಕಳ ತಾಯಿ. ಮೈಯಲ್ಲಿ ರಕ್ತವಿಲ್ಲ. ಕಡೆಯ ಹೆರಿಗೆಯಲ್ಲೇ ಸಾವಿನ ತನಕ ಹೋಗಿ ಬಂದಿದ್ದಳು. ಇನ್ನೊಂದು ಬಸಿರು ನಿಂತರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಕಾಪರ್-ಟಿ ಅವಳಿಗೆ ಒಗ್ಗಿರಲಿಲ್ಲ. ಗಂಡನಿಗೆ ಗಂಡಸರ ಆಪರೇಷನ್ ಎಷ್ಟು ಸುಲಭ ಎಂದು ವಿವರಿಸಿದೆ. "ಮತ್ತ ಹೊಲದಾಗ ಚೀಲ ಎತ್ತೋರು ಯಾರ್ರಿ, ನೀವು ಬರ್ತೀರೇನು?" ಅಂದ. ಕಡೆಗೆ ಭೀಮವ್ವನೇ, ನಾನೇ ಮಾಡಿಸ್ಕೋತೀನಿ ಅಂದಳು. ಮರುದಿನ ಕ್ಯಾಂಪು. ಅದು ತಪ್ಪಿದರೆ ಮತ್ತೆ ಯಾವಾಗಲೋ, ಅಷ್ಟರೊಳಗೆ ಅವಳ ಗತಿ ಏನೋ. ಸೀರೆ ಹಿಡಿದು ಆಯಿಯ ಮನೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ಬೇಡ ಎಂದು ಅವಳು ಅನ್ನಲಿಲ್ಲ.

ಇನ್ನು ಮುಂದಿನದನ್ನು ನೆನಪಿರುವಂತೆ ಬರೆಯುತ್ತೇನೆ.

ನಡುಮಧ್ಯಾಹ್ನ. ಆಯಿ ಜೋಲಿ ಕಟ್ಟಿದಳು. ಹೊಗೆ ಹಾಯಿಸಿದಳು. ಒಂದು ಹೆಸರು ಕರೆದಳು, ತೂಗತೊಡಗಿದಳು. ಕೆರೆಯ ಕಡೆಯಿಂದ ಹಕ್ಕಿಗಳ ಗದ್ದಲ ಕೇಳುತ್ತಲೇ ಇತ್ತು. ಯಾವಾಗಲೋ ಅದು ನಿಂತಿತ್ತು. ನಿಂತದ್ದು ನನ್ನ ಗಮನಕ್ಕೆ ಬಂದದ್ದು ಆಯಿಯ ಕೈ ನಿಂತ ಮೇಲೆ.

"ಭಾಳ ಜಡ ಅದ. ಹೊರಡವಲ್ದು."

ಭೀಮವ್ವ ಗೋಡೆಗೆ ಒರಗಿದಳು. "ಹಂಗಾದ್ರ ನಾ ಹೋಗಂಗಿಲ್ಲ, ಆಯಿ."

ನಾನು ತಾಳ್ಮೆ ಕಳೆದುಕೊಂಡೆ. "ಒಳಗೆ ಏನೂ ಇಲ್ಲ. ಬರೀ ಬಟ್ಟೆ. ಇದರ ಸಲುವಾಗಿ ಇವಳು ಸಾಯಬೇಕೇನು?" ಅಂದೆ.

ಆಯಿ ಸಿಟ್ಟಾಗಲಿಲ್ಲ. ಜೋಲಿಯಿಂದ ದೂರ ಸರಿದು ನಿಂತಳು. "ಏನೂ ಇಲ್ಲಂದ್ರ ನೀನೇ ಬಿಚ್ಚು."

ಬಿಚ್ಚಲು ಹೋದೆ. ಗಂಟು ಬಿಗಿಯಾಗಿತ್ತು. ಅದನ್ನು ಸಡಿಲಿಸಲು ಎಡಗೈಯನ್ನು ಜೋಲಿಯ ಅಡಿಗೆ ಕೊಟ್ಟು ಎತ್ತಿದೆ. ನಿದ್ದೆ ಹೋದ ಕೂಸಿನ ಭಾರ ಅಂಗೈಗೆ ಬಂತು. ಭಾರವಷ್ಟೇ ಅಲ್ಲ, ಬಿಸಿ ಕೂಡ. ಬಟ್ಟೆ ಹಸಿಯಾಗಿದ್ದಿರಬಹುದು. ಒಳಗೆ ಕೌದಿಯ ತುಂಡು ಇದ್ದಿರಬಹುದು. ಬಿಸಿ ಎಂದರೆ ಲೋಬಾನದ ಕೆಂಡದ್ದು... ಗಂಟು ಬಿಚ್ಚಿತು. ಸೀರೆ ನನ್ನ ತೋಳಿನ ಮೇಲೆ ಕುಸಿದುಬಿತ್ತು. ಅದರೊಳಗೆ ಏನೂ ಇರಲಿಲ್ಲ.

"ಹಗುರಾತೇನು?" ಆಯಿ ಕೇಳಿದಳು.

"ಹಗುರಾಯಿತು" ಅಂದೆ. ಸುಳ್ಳಲ್ಲ. ಆದರೆ ಹಗುರಾಗಬೇಕಾದರೆ ಮೊದಲು ಭಾರವಿರಬೇಕಲ್ಲ ಎಂಬುದು ಹೊರಗೆ ಬಂದ ಮೇಲೆ ಹೊಳೆಯಿತು.

ಭೀಮವ್ವ ಮರುದಿನ ಕ್ಯಾಂಪಿಗೆ ಬಂದಳು. ಸುರಕ್ಷಿತವಾಗಿ ಮನೆಗೆ ಹೋದಳು. ನಾನು ಊರು ಬಿಡುವ ದಿನ ಆಯಿ ಹೊಸ್ತಿಲ ತನಕ ಬಂದು ಹೇಳಿದಳು: "ಅದು ಬಂದ್ರ ಒಂದು ಮಾತು ಹೇಳಿ ಕಳಸು ತಮ್ಮಾ. ನನ್ನ ಬೆನ್ನ ಹತ್ತಿದವು ಒಂದೂ ದಂಡಿ ಮುಟ್ಟಲಿಲ್ಲ. ಇದರ ಸುದ್ದಿಯಾದ್ರೂ ತಿಳೀಲಿ." ನಾನು ನಕ್ಕು ಜೀಪು ಹತ್ತಿದೆ.

ಆಮೇಲೆ ಮದುವೆಯಾದೆ, ಕಲಬುರಗಿಯಲ್ಲಿ ನೆಲೆಸಿದೆ. ಮಕ್ಕಳು ಬೇಡವೆಂದು ಇಬ್ಬರೂ ಕೂಡಿ ನಿರ್ಧರಿಸಿದ್ದೆವು. ಎಚ್ಚರಿಕೆಯನ್ನೂ ವಹಿಸಿದ್ದೆವು. ಯಾವ ವಿಧಾನವೂ ಪೂರ್ತಿ ಖಾತ್ರಿಯಲ್ಲ ಎಂದು ತರಬೇತಿಗಳಲ್ಲಿ ನಾನೇ ಪಾಠ ಮಾಡುತ್ತಿದ್ದೆ. ಹಾಗಾಗಿ ಹೆಂಡತಿ ಬಸಿರಾದಾಗ ಆಶ್ಚರ್ಯಪಡುವ ಹಕ್ಕು ನನಗಿರಲಿಲ್ಲ. ಮಗಳು ಹುಟ್ಟಿದಳು. ಹೆಂಡತಿ ತನ್ನ ಅಜ್ಜಿಯ ಹೆಸರನ್ನು ಇಟ್ಟಳು, ನೀಲಾ. ತೊಟ್ಟಿಲ ಬಳಿ ಬಗ್ಗಿ ಆ ಹೆಸರು ಕರೆದಾಗ ನನ್ನ ಎಡಗೈ ತಣ್ಣಗಾಯಿತು. ಆಯಿ ಕರೆದದ್ದು ಇದೇ ಹೆಸರು.

ಇದೇ ಹೌದೇ? ನೀಲಮ್ಮ, ನೀಲವ್ವ ನಮ್ಮ ಕಡೆ ಬೀದಿಗೊಬ್ಬಳು ಇರುತ್ತಾಳೆ. ನೆನಪು ಎಂಬುದು ಇಟ್ಟಲ್ಲೇ ಇರುವ ವಸ್ತುವಲ್ಲ, ಪ್ರತಿ ಸಲ ತೆಗೆದಾಗಲೂ ಈಗಿನ ಕೈಯ ಗುರುತು ಅದಕ್ಕೆ ಹತ್ತುತ್ತದೆ ಎಂದು ಓದಿದವನು ನಾನು. ಮಗಳ ಹೆಸರನ್ನು ಹಿಂದಕ್ಕೆ ಒಯ್ದು ಆಯಿಯ ಬಾಯಿಯಲ್ಲಿ ಇಟ್ಟಿರಬಹುದು. ಒಮ್ಮೆ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಡ್ರೈವರ್ ಸಿಕ್ಕಿದ್ದ. ಮಾತು ತೆಗೆದರೆ ನಗತೊಡಗಿದ.

"ಜೋಲಿ ನೀವೆಲ್ಲಿ ಬಿಚ್ಚಿದ್ರಿ ಸಾಹೇಬ್ರ? ಆಯಿನೇ ಬಿಚ್ಚಿದ್ಲು. ನೀವು ಹೊರಗ ನನ್ನ ಬಾಜೂಕ ನಿಂತು ಸಿಗರೇಟ್ ಸೇದಾಕತ್ತಿದ್ರಿ."

"ನಾನು ಸಿಗರೇಟು ಸೇದುವುದಿಲ್ಲ."

"ಆಗ ಸೇದ್ತಿದ್ರಿ."

ಹೌದು, ಸೇದುತ್ತಿದ್ದೆ. ಅದನ್ನು ಪೂರ್ತಿ ಮರೆತಿದ್ದೆ. ಅಂದಿನಿಂದ ನನ್ನ ಎಡಗೈಯನ್ನೂ ನಂಬುವುದನ್ನು ಬಿಟ್ಟೆ.

ಇಷ್ಟೆಲ್ಲ ಹೊತ್ತುಕೊಂಡು ಕಳೆದ ತಿಂಗಳು ಸುರಪುರದಲ್ಲಿ ಇಳಿದು, ಆಟೋ ಹಿಡಿದು ಬೋನಾಳಕ್ಕೆ ಹೋದೆ. ಆಯಿ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಭೀಮವ್ವ ಇದ್ದಳು. ಕೂದಲು ನೆರೆತಿತ್ತು, ಮೈ ತುಂಬಿಕೊಂಡಿತ್ತು. ಅಂಗಳದಲ್ಲಿ ತೊಗರಿ ಕೇರುತ್ತಿದ್ದವಳು ನನ್ನನ್ನು ನೋಡಿ ಮೊರ ಕೆಳಗಿಟ್ಟಳು. ಗುರುತು ಹೇಳಬೇಕಾಗಲಿಲ್ಲ.

"ಬರ್ರಿ ಸಾಹೇಬ್ರ. ಮುದುಕ ಆಗೀರಲ್ಲ."

ಮಕ್ಕಳು, ಮೊಮ್ಮಕ್ಕಳ ಮಾತಾಯಿತು. ಚಹಾ ಆಯಿತು. ಕಡೆಗೆ ಕೇಳಿದೆ: ಆ ದಿನ ಆಯಿ ಜೋಲಿಯಲ್ಲಿ ಕರೆದ ಹೆಸರು ನಿನಗೆ ನೆನಪಿದೆಯೇ?

ಭೀಮವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ನನಗ ಯಾಕ ಕೇಳ್ತೀರಿ? ದಿನಾ ಕರಿಯೋರು ನೀವು." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಚೊಲೊ ಅದಾಳಿಲ್ರಿ ಆಕಿ?"

ನನಗೆ ಮಗಳಿದ್ದಾಳೆ ಎಂದು ಅವಳಿಗೆ ನಾನು ಹೇಳಿದ್ದೆನೇ? ಮೊಮ್ಮಕ್ಕಳ ಮಾತಿನ ನಡುವೆ ಹೇಳಿರಬಹುದು. ಹೇಳಿರಲೇಬೇಕು. ಆದರೆ ಹೇಳಿದ ನೆನಪಿಲ್ಲ. ಮೊಬೈಲಿನಲ್ಲಿ ಮಗಳ ಫೋಟೋ ತೆಗೆದು ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಮೊಬೈಲನ್ನು ಎರಡೂ ಅಂಗೈಗಳ ಮೇಲೆ ಇಟ್ಟುಕೊಂಡಳು. ಹೈಸ್ಕೂಲಿನ ಸಮವಸ್ತ್ರದಲ್ಲಿ ಎರಡು ಜಡೆ ಹಾಕಿ ನಿಂತ ಹುಡುಗಿಯನ್ನು ಬಹಳ ಹೊತ್ತು ನೋಡಿದಳು.

"ನನ್ನ ಮೂಗು ಬಂದಿಲ್ಲ ಬಿಡ್ರಿ. ಚೊಲೊನೇ ಆತು" ಎಂದು ನಕ್ಕಳು. ನಗು ಪೂರ್ತಿಯಾಗಲಿಲ್ಲ. ಮೊಬೈಲು ವಾಪಸು ಕೊಡುತ್ತ ಅಂದಳು: "ಒಂದ ಸಲ ಕರಕೊಂಡು ಬರ್ರಿ. ನಾ ಏನೂ ಅನ್ನಂಗಿಲ್ಲ. ಉಣ್ಣಾಕ ಹಾಕ್ತೀನಿ, ನೋಡ್ತೀನಿ, ಅಷ್ಟ."

ಹೂಂ ಅಂದೆ. ಕರೆದುಕೊಂಡು ಹೋಗುತ್ತೇನೋ ಇಲ್ಲವೋ ಇದನ್ನು ಬರೆಯುವಾಗಲೂ ಗೊತ್ತಿಲ್ಲ. ಹೋಗಿ ಮಗಳಿಗೆ ಏನೆಂದು ಪರಿಚಯ ಮಾಡಿಕೊಡಲಿ?

ಆಟೋದವನಿಗೆ ಸ್ವಲ್ಪ ನಿಲ್ಲು ಎಂದು ಹೇಳಿ ಆಯಿಯ ಮನೆಯ ಕಡೆ ನಡೆದೆ. ಮಾಳಿಗೆ ಕುಸಿದಿತ್ತು. ಎರಡು ಗೋಡೆಗಳ ನಡುವೆ ಆ ತೊಲೆ ಬಿದ್ದುಕೊಂಡಿತ್ತು, ಗೆದ್ದಲು ಹಿಡಿದಿತ್ತು. ನುಣುಪಾಗಿದ್ದ ಜಾಗಕ್ಕೆ ಮಾತ್ರ ಗೆದ್ದಲು ಹತ್ತಿರಲಿಲ್ಲ. ಅವಳು ಎಷ್ಟು ವರ್ಷ ಒಂದು ಮಾತಿಗಾಗಿ ಕಾದಿದ್ದಳೋ. ಕಲಬುರಗಿಯಿಂದ ಇಲ್ಲಿಗೆ ಎಷ್ಟು ದೂರ... ಯಾರ ಕೈಯಲ್ಲಾದರೂ ಹೇಳಿ ಕಳಿಸಬಹುದಿತ್ತು. ಈಗ ಕೇಳುವವರೇ ಇಲ್ಲ. ಜೋಲಿ ಬಿಚ್ಚುವವರೂ ಆ ಊರಿನಲ್ಲಿ ಯಾರೂ ಉಳಿದಿಲ್ಲವಂತೆ. ಹೆಂಗಸರು ನೇರವಾಗಿ ಆಸ್ಪತ್ರೆಗೆ ಹೋಗಿ ಬರುತ್ತಾರೆ. ಅದು ಒಳ್ಳೆಯದೇ. ನಾನು ಕೊಡುತ್ತಿದ್ದ ಸಲಹೆಯೂ ಅದೇ ಆಗಿತ್ತು.

ಸುತ್ತಲೂ ಯಾರೂ ಇಲ್ಲ ಎಂದು ಒಮ್ಮೆ ನೋಡಿಕೊಂಡು ಬಗ್ಗಿ ಆ ತೊಲೆಗೆ ಹೇಳಿದೆ.

"ಬಂದಾಳ, ಆಯಿ."

ಕೆರೆಯ ಹಕ್ಕಿಗಳ ಗದ್ದಲ ಆಗ ನಿಂತಿತೋ, ನಾನು ಬರುವ ಮೊದಲೇ ನಿಂತಿತ್ತೋ, ಖಚಿತವಾಗಿ ಹೇಳಲಾರೆ.