ಅತ್ತೆಯ ಎಡಗಿವಿ

ನಮ್ಮ ಅತ್ತೆಯ ಕಿವಿ ಎಷ್ಟು ಚುರುಕಾಗಿತ್ತೆಂದರೆ, ಪಡಸಾಲೆಯಲ್ಲಿ ಕೂತುಕೊಂಡೇ ಅಡುಗೆಮನೆಯ ರೊಟ್ಟಿ ಎಷ್ಟು ದಪ್ಪವಿದೆ ಎಂದು ಹೇಳುತ್ತಿದ್ದರು. ಮಗಳು ಬಡಿಯುವ ಸಪ್ಪಳ ಕೇಳಿ, “ಅಂಚು ದಪ್ಪ ಆತು ನೋಡು, ಇನ್ನೊಂದೀಟು ಬಡಿ” ಎಂದು ಕೂಗುವರು. ನನ್ನ ಹೆಂಡತಿ ಬಗ್ಗಿ ನೋಡಿದರೆ ಅಂಚು ದಪ್ಪವೇ ಆಗಿರುತ್ತಿತ್ತು. ಅಂಥ ಎರಡು ಕಿವಿಗಳಲ್ಲಿ ಒಂದನ್ನು ಕೆಡಿಸಿದವನು ನಾನು. ಇಷ್ಟು ವರ್ಷ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಖಾನಾಪುರದ ಒಂದು ಕಟ್ಟಿಗೆ ಅಡ್ಡೆಯಲ್ಲಿ ಕಾರಕೂನನಾಗಿದ್ದೆ. ಅತ್ತೆಯ ಮನೆ ಬೆಳಗಾವಿಯ ಹಿಂದವಾಡಿಯಲ್ಲಿ. ಮೊಮ್ಮಗಳ ಜೊತೆ ಇರಲೆಂದು ಒಂದು ಮಳೆಗಾಲ ನಮ್ಮಲ್ಲಿಗೆ ಬಂದಿದ್ದರು. ಅಳಿಯನ ಎದುರು ಅವರು ತಲೆಯ ಮೇಲಿನ ಸೆರಗು ಸರಿಸುತ್ತಿರಲಿಲ್ಲ, ನೇರ ಮಾತೂ ಆಡುತ್ತಿರಲಿಲ್ಲ. ನಾನು ಎರಡು ಮೊಳ ದೂರದಲ್ಲಿ ಕೂತಿದ್ದರೂ ಮಗಳಿಗೆ, “ಅಳ್ಯಾರಿಗೆ ಚಾ ಬೇಕೇನು ಕೇಳು” ಎನ್ನುವರು. ನಾನು, “ಬ್ಯಾಡಂತ ಹೇಳು” ಎನ್ನುವೆ. ನಡುವೆ ಹೆಂಡತಿ ಬಾಯಿ ತೆರೆಯದೆ ನಿಂತಿರುವಳು. ಎಲ್ಲರಿಗೂ ಎಲ್ಲವೂ ಕೇಳಿರುತ್ತಿತ್ತು.

ಆ ಥಂಡಿಗೆ ಅತ್ತೆಗೆ ನೆಗಡಿ ಆಯಿತು. ನೆಗಡಿ ಇಳಿಯುವಷ್ಟರಲ್ಲಿ ಕಿವಿ ನೋವು ಎದ್ದಿತು. ಹೆಂಡತಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಲು ಹೊರಟಾಗ ನಾನು ತಡೆದೆ. ಮೆಟ್ರಿಕ್ ಆದಮೇಲೆ ಆರು ತಿಂಗಳು ಒಂದು ದವಾಖಾನೆಯಲ್ಲಿ ಚೀಟಿ ಬರೆದಿದ್ದೆ. ಅಷ್ಟಕ್ಕೇ ಅರ್ಧ ಡಾಕ್ಟರ್ ಆದೆನೆಂದು ತಿಳಿದುಕೊಂಡಿದ್ದೆ.

“ಎಣ್ಣಿ ಗಿಣ್ಣಿ ಹಳೀ ಕಾಲದ್ದು. ಕಿವ್ಯಾಗ ಹಾಕೂ ಔಷಧ ಐತಿ, ತರತೀನಿ.”

“ಬೆಳಗಾವಿಗೆ ಹೋಗಿ ಡಾಕ್ಟರಿಗೆ ತೋರಸೂಣಲ್ರೀ,” ಎಂದಳು.

“ಕಿವಿ ನೋವಿಗೆ ಬೆಳಗಾವಿತನಾ ಹೋಗೂದ? ನಾ ಅದೀನಲ್ಲ!”

ಅಂಗಡಿಯಿಂದ ಒಂದು ಸಣ್ಣ ಬಾಟಲಿ ತಂದೆ. ಬೆಳಿಗ್ಗೆ ನಾನು ಅಡ್ಡೆಗೆ ಹೊರಡುವ ಹೊತ್ತಿಗೆ ಹೆಂಡತಿ ಒಲೆಯ ಮುಂದೆ ಇರುತ್ತಿದ್ದಳು, ಹಾಗಾಗಿ ಹನಿ ಬಿಡುವ ಕೆಲಸ ನನ್ನದಾಯಿತು. ಅತ್ತೆ ಗೋಡೆಗೆ ಮುಖ ಮಾಡಿ ಒಂದು ಮಗ್ಗುಲಿಗೆ ಮಲಗಿರುತ್ತಿದ್ದರು. ಸೆರಗಿನಿಂದ ಒಂದು ಕಿವಿ ಮಾತ್ರ ಹೊರಗೆ. ನಾನೂ ಮರ್ಯಾದೆಗೆ ಮುಖವನ್ನು ಅತ್ತ ತಿರುಗಿಸಿ, ಓರೆಗಣ್ಣಿನಲ್ಲಿ ಎಣಿಸಿ, ಮೇಲೆ ಕಂಡ ಕಿವಿಗೆ ನಾಲ್ಕು ಹನಿ ಬಿಟ್ಟು ಹತ್ತಿ ತುರುಕುತ್ತಿದ್ದೆ. ಅವರ ತಲೆಯ ಕೆಳಗೆ ಬಿಸಿ ಉಪ್ಪಿನ ಗಂಟು ಇರುತ್ತಿತ್ತು. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ.

“ಹೆಂಗೈತಿ ಕೇಳು,” ಎಂದು ಒಲೆಯ ಕಡೆಗೆ ಕೂಗುವೆ.

“ಕಡಿಮಿ ಐತಿ ಅಂತ ಹೇಳು,” ಎಂದು ಅತ್ತೆ ಗೋಡೆಗೆ ಹೇಳುವರು.

ಅಡ್ಡೆಯಲ್ಲಿ ನಾನು ನನ್ನ ವೈದ್ಯಕೀಯದ ಬಗ್ಗೆ ಎದೆಯುಬ್ಬಿಸಿ ಮಾತಾಡತೊಡಗಿದೆ. ಐದನೆಯ ದಿನ ಹೆಂಡತಿ ಕೌದಿಯಷ್ಟು ದಪ್ಪದ ರೊಟ್ಟಿ ಬಡಿದಳು. ಪಡಸಾಲೆಯಿಂದ ದನಿ ಬರಲಿಲ್ಲ. ಅವಳು ಹೊರಗೆ ಬಂದು, “ಯವ್ವಾ, ಯಾಕ ಬೈಲಿಲ್ಲ ಇವತ್ತ?” ಎಂದಳು. ಅತ್ತೆ ಮಗಳ ಬಾಯನ್ನೇ ನೋಡುತ್ತ, “ಏನಂದಿ?” ಎಂದರು. ಅವರು ಹಾಸಿಕೊಂಡ ಕೌದಿಯ ಮೇಲೆ ಕೀವಿನ ಕಲೆ ಇತ್ತು. ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ಒಲೆ ಆರಿಸಿ ಚಪ್ಪಲಿ ಮೆಟ್ಟಿದಳು. ಮುಂದಿನ ಬಸ್ಸಿಗೆ ನಾವೆಲ್ಲ ಬೆಳಗಾವಿಗೆ ಹೊರಟೆವು.

ಕಿವಿ ಮೂಗಿನ ಡಾಕ್ಟರು ವಯಸ್ಸಾದವರು. “ಯಾವ ಕಿವಿ, ಅವ್ವಾರ?” ಎಂದು ಕೇಳಿದರು. ಅತ್ತೆ ಬಲಗಿವಿಯ ಮೇಲೆ ಕೈ ಇಟ್ಟರು.

ನಾನು ಐದು ದಿನ ನೋಡಿದ್ದು ಎಡಗಿವಿಯನ್ನು.

“ಪರದೇಕ ತೂತು ಬಿದ್ದೈತಿ, ಕೀವು ಸೋರಾಕತ್ತೈತಿ. ಔಷಧ ಏನೂ ಮಾಡಿಲ್ಲೇನು?”

“ಐದು ದಿನ ಹನಿ ಹಾಕೀವ್ರಿ,” ಎಂದಳು ಹೆಂಡತಿ.

ಡಾಕ್ಟರು ಇನ್ನೊಂದು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ನಕ್ಕರು. “ಹಾಕೀರಿ ಖರೆ, ಇದರಾಗ ಹಾಕೀರಿ. ಬ್ಯಾನಿ ಇಲ್ಲದ ಕಿವಿ ತೊಳದಂಗ ಐತಿ. ಯಾರ್ರಿ ಈ ಶಾಣ್ಯಾರು?”

ಆಗ ನಾನು ಆಡಿದ ಮಾತು ಇದು: “ಅವರು ಇದ ಕಿವಿ ಅಂತ ತೋರಿಸಿದ್ರರಿ.”

ಅತ್ತೆ ನನಗೆ ಯಾವ ಕಿವಿಯನ್ನೂ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಹೆಂಡತಿ ತಾಯಿಯ ಕಡೆ ತಿರುಗಿದಳು. ಸೆರಗಿನೊಳಗಿಂದ ಸಣ್ಣ ದನಿ ಬಂತು: “ಹೌದ್ರಿ ಸಾಹೇಬ್ರ, ನಂದ ತಪ್ಪು. ನೋವಿನಾಗ ತಿಳೀಲಿಲ್ಲ.”

ಡಾಕ್ಟರು ಒಣ ಹತ್ತಿಯಿಂದ ಕೀವು ತೆಗೆದು ಗುಳಿಗೆ ಬರೆದುಕೊಟ್ಟರು. ಎಣ್ಣೆ ಬೇಡ, ಕಿವಿಗೆ ನೀರು ತಾಗಿಸಬೇಡಿ ಎಂದರು. “ಮೊದಲ ದಿನಾನ ಬಂದಿದ್ರ ಇಷ್ಟಕ್ಕ ಬರತಿರಲಿಲ್ಲ,” ಎಂದೂ ಹೇಳಿದರು. ನೋವು ವಾರದಲ್ಲಿ ಹೋಯಿತು. ಬಲಗಿವಿ ಮಾತ್ರ ಮೊದಲಿನಂತೆ ಕೇಳಲಿಲ್ಲ.

ಮೂರ್ನಾಲ್ಕು ವರ್ಷ ಕಳೆದಿರಬೇಕು. ಹಿಂದವಾಡಿಯ ಮನೆಯಲ್ಲಿ ಅತ್ತೆಯ ಬಲಕ್ಕೆ ಕೂತು, “ಊಟಕ್ಕ ತಡ ಐತೇನು ಕೇಳು” ಎಂದೆ. ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ನಡುವೆ ಯಾರೂ ಇರಲಿಲ್ಲ. ಅತ್ತೆ ಸೆರಗನ್ನು ಎಡಗಿವಿಯ ಹಿಂದಕ್ಕೆ ಸರಿಸಿದರು. ಮೊಟ್ಟಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

“ಎಡಕ್ಕ ಬಂದ ಕುಂದರ್ರಿ ಅಳ್ಯಾರ. ಆ ಕಿವಿಗೆ ನೀವು ಐದು ದಿನ ಔಷಧ ಹಾಕೀರಿ. ಭಾಳ ಚಲೋ ಕೇಳತೈತಿ.”

ನನಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಎದ್ದು ಎಡಕ್ಕೆ ಕೂತೆ. “ಅವತ್ತ ಹನಿ ಹಾಕುವಾಗ ಯಾಕ ಸುಮ್ಮನಿದ್ರಿ?” ಎಂದು ಕೇಳಿದೆ.

“ಅಳ್ಯಾರು ಸಾಲಿ ಕಲತಾವರು. ಇತ್ತಾಗ ಹಾಕಿದ್ರ ಅತ್ತಾಗ ಇಳಿಯೂವಂಥಾ ಹೊಸ ಔಷಧ ಇರಬೇಕು ಅಂದ್ಕೊಂಡೆ.”

“ಯಾರ ಕೂಡ ಮಾತಾಡಾಕತ್ತೀಯವ್ವಾ?” ಎಂದು ಹೆಂಡತಿ ಒಳಗಿನಿಂದ ಕೂಗಿದಳು.

“ನಿನ್ನ ರೊಟ್ಟಿ ಕೂಡ. ಅಂಚು ದಪ್ಪ ಆತು, ಬಡಿ!”

ಅತ್ತೆ ಮುಂದೆ ಬಹಳ ವರ್ಷ ಇದ್ದರು. ಹೋದಾಗಲೆಲ್ಲ ನನ್ನ ಜಾಗ ಅವರ ಎಡಕ್ಕೆ. ಮಳೆ, ಮೊಮ್ಮಕ್ಕಳು, ಜೋಳದ ಬೆಳೆ, ಎಲ್ಲವನ್ನೂ ಮಾತಾಡಿದೆವು. ಡಾಕ್ಟರ ಮುಂದೆ ಆಡಿದ ಸುಳ್ಳಿನ ಮಾತನ್ನು ಅವರಾಗಿ ಒಮ್ಮೆಯೂ ಎತ್ತಲಿಲ್ಲ. “ತಪ್ಪಾತ್ರಿ” ಎನ್ನಲು ನನಗೆ ಅರ್ಧ ಗಳಿಗೆಯೂ ಬೇಕಿರಲಿಲ್ಲ. ಚೆನ್ನಾಗಿ ಕೇಳುವ ಕಿವಿಯ ಪಕ್ಕದಲ್ಲೇ ಕೂತಿದ್ದೆ, ಆದರೂ ಹೇಳಲಿಲ್ಲ.